ಗಸಿ ಇಳಿಯದ ನೀರು

ಬೆಳಿಗ್ಗೆ ಆರೂವರೆಗೆ ನಾನು ಪಂಪ್‌ ಹೌಸಿನ ಬೀಗ ತೆಗೆಯುವ ಹೊತ್ತಿಗೆ ಲೋಟದಕ್ಕ ತನ್ನ ಆರು ಲೋಟಗಳನ್ನೂ ತೊಳೆದು ಬೋರಲು ಹಾಕಿರುತ್ತಿದ್ದಳು. ಲೋಟವೆಂದರೆ ಕುಡಿಯುವ ಲೋಟವಲ್ಲ, ಒಂದೊಂದು ಲೀಟರು ಹಿಡಿಯುವ ಗಾಜಿನ ಪಾತ್ರೆಗಳು. ಹೊಳೆಯಿಂದ ಬಂದ ಬಗ್ಗಡದ ನೀರನ್ನು ಆರಕ್ಕೂ ತುಂಬುವಳು. ಮೊದಲನೆಯದಕ್ಕೆ ಇಷ್ಟು, ಎರಡನೆಯದಕ್ಕೆ ಇನ್ನಷ್ಟು ಎಂದು ಪಟಿಕ ಕರಗಿಸಿದ ನೀರನ್ನು ಹಾಕುವಳು. ಆರು ಲೋಟಕ್ಕೂ ಒಂದೊಂದು ಪುಟ್ಟ ರೆಕ್ಕೆ ಇಳಿಬಿಟ್ಟ ಯಂತ್ರ ಮೊದಲು ಜೋರಾಗಿ, ಆಮೇಲೆ ತೊಟ್ಟಿಲು ತೂಗಿದಷ್ಟು ನಿಧಾನವಾಗಿ ಕಲಕುತ್ತಿತ್ತು. ಯಂತ್ರ ನಿಲ್ಲಿಸಿ, ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂರುವಳು. ಯಾವ ಲೋಟದಲ್ಲಿ ಕೆಸರು ಹಿಂಜಿದ ಅರಳೆಯಂತೆ ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿದು, ಮೇಲೆ ತಿಳಿನೀರು ನಿಲ್ಲುತ್ತದೋ ಆ ಲೋಟದ ಪ್ರಮಾಣದಲ್ಲಿ ಅವತ್ತು ದೊಡ್ಡ ತೊಟ್ಟಿಗೆ ಪಟಿಕ ಬೀಳುತ್ತಿತ್ತು. ಇಡೀ ಊರಿನ ನಲ್ಲಿಗಳಿಗೆ ಹೋಗುವ ನೀರಿನ ಹಣೆಬರಹ ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತಿತ್ತು.

ವಯಸ್ಸಿನಲ್ಲಿ ನಾನು ಅವಳಿಗಿಂತ ಎಂಟು ವರ್ಷ ದೊಡ್ಡವನು. ಆದರೂ ನಾನೂ ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಿಗೂ ಅದು ಸರಿಯೆನಿಸಿತ್ತು.

ಅವಳು ಕಲಿತವಳೇನಲ್ಲ. ಹತ್ತನೇ ತರಗತಿಗೇ ಓದು ಬಿಟ್ಟು, ಎಷ್ಟೋ ವರ್ಷದ ಮೇಲೆ ಪಟಿಕದ ಮೂಟೆಗಳ ಗೋದಾಮಿನಲ್ಲಿ ಗುಡಿಸಿ ಸಾರಿಸುವ ಕೆಲಸಕ್ಕೆ ಬಂದವಳು. ಆಗ ಲೋಟದ ಪರೀಕ್ಷೆ ಮಾಡುತ್ತಿದ್ದವರು ಪಟಿಕದಜ್ಜ. ಪುಡಿ ಕೂತು ಕೂತು ತಲೆಗೂದಲು, ಹುಬ್ಬು, ಅಂಗಿ ಎಲ್ಲ ಬೂದುಬೆಳ್ಳಗಾಗಿ, ನಲವತ್ತಕ್ಕೇ ಅಜ್ಜ ಅನ್ನಿಸಿಕೊಂಡಿದ್ದರು. ಒಂದು ದಿನ ಅವರು ನಾಲ್ಕನೇ ಲೋಟ ಸರಿ ಎಂದು ಬರೆಯುತ್ತಿರುವಾಗ, ಕಸಬರಿಕೆ ಹಿಡಿದು ನಿಂತಿದ್ದ ಇವಳು, "ಮೂರನೇದೇ ಚೆನ್ನಾಗಿದೆಯಲ್ಲ ಅಜ್ಜ, ಅದರ ಅರಳೆ ಗಟ್ಟಿ ಇದೆ" ಎಂದಳಂತೆ. ಅಜ್ಜ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವಳು ಹೇಳಿದ್ದು ನಿಜವಾಗಿತ್ತು.

"ಕಸಬರಿಕೆ ಅಲ್ಲಿಡು. ಬಾ ಇಲ್ಲಿ, ಕೂತ್ಕೋ" ಎಂದರು.

ಆರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮಳೆ ಬಿದ್ದ ಮರುದಿನದ ನೀರು, ಬೇಸಿಗೆಯ ಪಾಚಿ ನೀರು, ಎಲ್ಲದರ ಗುಣವನ್ನೂ ಅವಳ ಕಣ್ಣಿಗೆ ಹತ್ತಿಸಿದರು. ನಿವೃತ್ತರಾಗುವ ದಿನ ಎಂಜಿನಿಯರ್ ಸಾಹೇಬರ ಮುಂದೆ, "ಇವಳಿದ್ದಾಳೆ, ನಾನು ನಿಶ್ಚಿಂತೆಯಿಂದ ಮನೆಗೆ ಹೋಗ್ತೀನಿ" ಎಂದರು. ಕಾಗದಪತ್ರದಲ್ಲಿ ಅವಳ ಹುದ್ದೆ ಮಾತ್ರ ಕೊನೆಯವರೆಗೂ 'ಸಹಾಯಕಿ' ಎಂದೇ ಉಳಿಯಿತು. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ಅವಳ ಗಂಡ ವಾಷ್‌ಬೇಸಿನ್, ಕಮೋಡುಗಳನ್ನು ಮಾಡುವ ಪಿಂಗಾಣಿ ಕಾರ್ಖಾನೆಯಲ್ಲಿದ್ದ. ಕೆನೆಯಂತೆ ಮಂದವಾದ ಮಣ್ಣಿನ ನೀರನ್ನು ಹದಕ್ಕೆ ತಂದು ಅಚ್ಚಿಗೆ ಸುರಿಯಲು ಕೊಡುವುದು ಅವನ ಕೆಲಸ. ಅದಕ್ಕೆ ಅವರು ಸ್ಲಿಪ್ಪು ಎನ್ನುತ್ತಾರೆ. ಮಾತು ಕಡಿಮೆ, ತಾಳ್ಮೆ ಹೆಚ್ಚು. ತಮ್ಮ ಒಬ್ಬನಿದ್ದ. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಇವಳಿಗೆ ಹತ್ತೊಂಬತ್ತು. ಇವಳೇ ಸಾಕಿ, ಓದಿಸಿ, ಮದುವೆ ಮಾಡಿಸಿದ್ದಳು. ಅವನು ಹೊಳೆಯ ಮೇಲ್ಭಾಗದಲ್ಲಿದ್ದ ಕಾಗದದ ಗಿರಣಿಯ ಕೆಮಿಕಲ್ ರೂಮಿನಲ್ಲಿ ಕೆಲಸಕ್ಕಿದ್ದ. ಕಾಗದದ ತಿರುಳಿಗೆ ಗಂಜಿಪುಡಿ, ಬಿಳಿಮಣ್ಣು, ಅಂಟು, ಬಣ್ಣ ಇವನ್ನೆಲ್ಲ ಬೆರೆಸಿ ಕೊಡುವ ಜಾಗ ಅದು. ಭಾನುವಾರ ಎರಡೂ ಸಂಸಾರ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದವು.

"ನಮ್ಮ ಮನೇಲಿ ಮೂರು ಜನಾನೂ ನೀರಿಗೆ ಪುಡಿ ಹಾಕೋರೇ" ಎಂದು ತಮ್ಮ ನಗೆಯಾಡುತ್ತಿದ್ದ. "ಸಾರಿಗೆ ಉಪ್ಪು ಹಾಕೋದು ಮಾತ್ರ ಯಾರಿಗೂ ನೆನಪಿರಲ್ಲ."

ಆ ವರ್ಷ ಬೇಸಿಗೆ ಶುರುವಾಗುವ ಮುನ್ನ ತಮ್ಮನಿಗೆ ಅದೃಷ್ಟದ ಬಾಗಿಲು ತೆರೆಯಿತು. ಗಿರಣಿಯಲ್ಲಿ ಬಿಳಿಮಣ್ಣು ಕೊಳವೆಯೊಳಗೆ ಗಂಟುಗಟ್ಟಿ, ಕಾಗದದ ಮೇಲೆ ಚುಕ್ಕೆ ಬೀಳುತ್ತಿತ್ತಂತೆ. ಮಾರಾಟಗಾರನೊಬ್ಬ ಹೊಸ ದ್ರವವೊಂದನ್ನು ತಂದುಕೊಟ್ಟಿದ್ದ. ಅದನ್ನು ಯಾವ ತೊಟ್ಟಿಗೆ, ಯಾವ ಹೊತ್ತಿಗೆ, ಎಷ್ಟು ಹಾಕಬೇಕು ಎಂದು ತಿಂಗಳುಗಟ್ಟಲೆ ಪ್ರಯತ್ನಿಸಿ ಕಂಡುಹಿಡಿದವನು ಇವಳ ತಮ್ಮ. ಗಂಟು ಹೋಯಿತು, ಚುಕ್ಕೆ ಹೋಯಿತು, ಕಾಗದ ಕನ್ನಡಿಯಂತಾಯಿತು. ಗಿರಣಿಯವರು ಅವನನ್ನು ಕೆಮಿಕಲ್ ರೂಮಿನ ಮೇಲ್ವಿಚಾರಕನನ್ನಾಗಿ ಮಾಡಿದರು. ಅವನು ಆ ಕಾಗದದ ಒಂದು ಕಟ್ಟು ತಂದು ಅಕ್ಕನ ಕೈಗಿಟ್ಟು ಕಾಲಿಗೆ ಬಿದ್ದ. ಅಕ್ಕ ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಕಣ್ಣೊರೆಸಿಕೊಂಡಳಂತೆ. ಮರುದಿನ ನನಗೂ ಒಂದು ಹಾಳೆ ತಂದು ತೋರಿಸಿದಳು. "ಮುಟ್ಟಿ ನೋಡಿ ಅಣ್ಣ, ಮಗುವಿನ ಕೆನ್ನೆ ಇದ್ದ ಹಾಗಿದೆ."

ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಅವಳು ಪಂಪ್‌ ಹೌಸಿಗೆ ಬಂದು, "ಅಣ್ಣ, ಸ್ವಲ್ಪ ಬನ್ನಿ" ಎಂದಳು. ಹೋಗಿ ನೋಡಿದರೆ ಆರು ಲೋಟದಲ್ಲೂ ನೀರು ಹಾಗೇ ನಿಂತಿತ್ತು. ಕಲಕಿ ಒಂದು ಗಂಟೆಯಾಗಿದೆಯಂತೆ. ಅರಳೆಯೂ ಇಲ್ಲ, ಗಸಿಯೂ ಇಲ್ಲ. ತೆಳು ಹಾಲಿನಂಥ ಮಬ್ಬು ಮೇಲಿನಿಂದ ತಳದವರೆಗೂ ಒಂದೇ ಸಮ.

"ಪಟಿಕ ಹಳೇದಾಗಿರಬೇಕು" ಎಂದೆ.

"ಮೂರು ಮೂಟೆಯಿಂದ ತೆಗೆದು ನೋಡಿದೆ."

ಪ್ರಮಾಣ ಏರಿಸುತ್ತ ಹೋದಳು. ದಿನವೂ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಸುಮಾರಿಗೆ ಮುಗಿಯುತ್ತಿದ್ದದ್ದು ಅರವತ್ತಕ್ಕೆ ಹೋಯಿತು, ಎಂಬತ್ತಕ್ಕೆ ಹೋಯಿತು. ಎಂಬತ್ತಕ್ಕೆ ಒಂದಿಷ್ಟು ಸಣ್ಣ ಸಣ್ಣ ಚೂರು ಕಟ್ಟಿತು, ಆದರೆ ಅವು ಇಳಿಯಲೊಲ್ಲದೆ ತೇಲಾಡಿದವು. ಅಷ್ಟು ಪಟಿಕಕ್ಕೆ ನೀರು ಹುಳಿಯಾಗುತ್ತದೆ, ಸುಣ್ಣ ಹಾಕಬೇಕಾಗುತ್ತದೆ, ಮರಳಿನ ಸೋಸುತೊಟ್ಟಿಗಳು ಮೆತ್ತಿಕೊಳ್ಳುತ್ತವೆ. ನಾನು ದಿನಕ್ಕೊಮ್ಮೆ ತೊಳೆಯುತ್ತಿದ್ದ ತೊಟ್ಟಿಗಳನ್ನು ಮೂರು ಸಲ ತೊಳೆಯುವಂತಾಯಿತು. ಆದರೂ ನಲ್ಲಿಯಲ್ಲಿ ಮಬ್ಬು ನೀರೇ ಬಂತು. ಗೇಟಿನ ಹತ್ತಿರ ಜನ ಬಾಟಲಿ ಹಿಡಿದು ನಿಂತು ಬೈಯತೊಡಗಿದರು.

ಕಾರಣ ಕಂಡುಹಿಡಿದವನು ಅವಳ ಗಂಡ. ಬುದ್ಧಿ ಓಡದೆ ಅವಳು ಒಂದು ಬಾಟಲಿ ನೀರನ್ನು ಮನೆಗೆ ಒಯ್ದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಅವನು ಕೆಲಸದಿಂದ ಬಂದು ಕೈಕಾಲು ತೊಳೆದು, ಅದನ್ನೆತ್ತಿ ಅಲ್ಲಾಡಿಸಿದ, ಕಿಟಕಿಯ ಬೆಳಕಿಗೆ ಹಿಡಿದ, ಕೆಳಗಿಟ್ಟು ಊಟ ಮುಗಿಸಿ ಮತ್ತೆ ನೋಡಿದ.

"ಇದು ನಮ್ಮ ಸ್ಲಿಪ್ಪಿನ ಥರ ನಿಂತಿದೆಯಲ್ಲೇ" ಎಂದ.

"ಹಂಗಂದ್ರೆ?"

"ನಾವು ಅಷ್ಟು ಮಣ್ಣು ತುಂಬಿದ್ರೂ ಸ್ಲಿಪ್ಪು ತಳ ಹಿಡಿಯಲ್ಲ. ಯಾಕೆ? ಒಂದು ಎಣ್ಣೆಯಂಥದ್ದು ಹಾಕ್ತೀವಿ. ಒಂದು ಹನಿ ಬಿದ್ರೆ ಸಾಕು, ಮಣ್ಣಿನ ಕಣ ಕಣಕ್ಕೂ ಜಗಳ ಹಚ್ಚುತ್ತೆ ಅದು. ಒಂದರ ಹತ್ತಿರ ಒಂದು ಬರಲ್ಲ, ಎಲ್ಲಾ ದೂರ ದೂರ ನಿಂತ್ಕೊಳ್ತವೆ. ನೀನು ಒಟ್ಟುಗೂಡಿಸೋಕೆ ಹೊರಟಿದ್ದೀಯ, ಯಾರೋ ಮೊದಲೇ ಬಿಡಿಸಿ ಕಳಿಸ್ತಿದ್ದಾರೆ."

ಮರುದಿನ ಅವನು ಆ ಎಣ್ಣೆಯನ್ನು ಔಷಧಿಯ ಪುಟ್ಟ ಸೀಸೆಯಲ್ಲಿ ತಂದುಕೊಟ್ಟ. ಅವಳು ವಾರದ ರಜೆಯ ದಿನ ಬಸ್ಸು ಹಿಡಿದು ಗಿರಣಿಗಿಂತ ಮೇಲಕ್ಕೆ ಹೋಗಿ, ಹೊಳೆಯಿಂದ ಎರಡು ಕ್ಯಾನು ನೀರು ತಂದಳು. ಒಂದೇ ನೀರು, ಎರಡು ಲೋಟ, ಸಮ ಪಟಿಕ. ಒಂದಕ್ಕೆ ಮಾತ್ರ ಸೀಸೆಯಿಂದ ಅರ್ಧ ಹನಿ. ನಾನೂ ಪಕ್ಕದಲ್ಲಿದ್ದೆ. ಹನಿ ಬೀಳದ ಲೋಟದಲ್ಲಿ ಹತ್ತು ನಿಮಿಷಕ್ಕೆ ಅರಳೆ ಕಟ್ಟಿ ಇಳಿಯಿತು. ಇನ್ನೊಂದು ಲೋಟ ಮಬ್ಬಾಗಿಯೇ ನಿಂತಿತು.

"ತಮ್ಮನ ಹೊಸ ದ್ರವ" ಎಂದಳು. ತೊಳೆಯುವಾಗ ಒಂದು ಲೋಟ ನಲ್ಲಿಗೆ ತಾಗಿ ಬಿರುಕುಬಿಟ್ಟಿತು.

ಸಂಜೆ ತಮ್ಮನ ಮನೆಗೆ ಹೋದಳು. ಅವನು ಹೊಸ ಮೇಜಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದನಂತೆ. ಅವಳು ಕಂಡದ್ದನ್ನೆಲ್ಲ ಹೇಳಿದಳು. ಅವನು ಸುತ್ತಿಗೆ ಕೆಳಗಿಡದೆ ಕೇಳಿಸಿಕೊಂಡ.

"ಅಕ್ಕ, ನಮ್ಮಲ್ಲಿಂದ ಹೊರಗೆ ಹೋಗೋ ನೀರು ವಾರ ವಾರ ಪರೀಕ್ಷೆ ಆಗುತ್ತೆ. ಎಲ್ಲಾ ಪಾಸು."

"ಅದರಲ್ಲಿ ಇದನ್ನ ನೋಡ್ತಾರಾ?"

"ಪಟ್ಟಿಯಲ್ಲಿ ಇರೋದನ್ನ ನೋಡ್ತಾರೆ. ಇದು ವಿಷ ಅಲ್ಲ ಅಕ್ಕ. ಕುಡಿದ್ರೆ ಏನೂ ಆಗಲ್ಲ."

"ವಿಷ ಅಂತ ನಾನೆಲ್ಲಿ ಅಂದೆ? ಕೆಸರು ಇಳೀತಿಲ್ಲ ಕಣೋ. ಕೆಸರಿನ ಮರೆಯಲ್ಲಿ ಕೂತ ಕ್ರಿಮಿಗೆ ಕ್ಲೋರಿನ್ ಮುಟ್ಟಲ್ಲ. ಊರೆಲ್ಲ ಕುಡೀತಿದೆ. ನೀನೂ, ನಿನ್ನ ಮಕ್ಕಳೂ ಕುಡೀತಿದ್ದೀರ."

ಅವನು ಸುತ್ತಿಗೆ ಕೆಳಗಿಟ್ಟು, "ಮ್ಯಾನೇಜರಿಗೆ ಹೇಳ್ತೀನಿ" ಎಂದ.

ಹೇಳಿದ್ದೂ ನಿಜ. ನಾಲ್ಕು ದಿನ ಬಿಟ್ಟು ಮುಖ ಸಣ್ಣದು ಮಾಡಿಕೊಂಡು ಬಂದ. ಮ್ಯಾನೇಜರು ನಕ್ಕು, 'ನೀನು ಯಾರ ಸಂಬಳ ತಿನ್ನುತ್ತೀಯ, ನಮ್ಮದೋ ನೀರಿನ ಇಲಾಖೆಯದೋ?' ಎಂದು ಕೇಳಿದ್ದನಂತೆ. "ಅಕ್ಕ, ಆ ದ್ರವದ ಲೆಕ್ಕ ಕಂಡುಹಿಡಿದೋನು ನಾನು ಅಂತ ಎಲ್ಲರಿಗೂ ಗೊತ್ತು. ಈಗ ಅದೇ ಕೆಟ್ಟದ್ದು ಅಂತ ನಾನೇ ಹೇಳಿದ್ರೆ ನಂಗೆ ಅಲ್ಲಿ ನಿಲ್ಲೋಕೆ ಜಾಗ ಇರಲ್ಲ. ನೀನು ಬರೆದುಗಿರೆದು ಕೊಡಬೇಡ. ಮಳೆ ಬಂದ್ರೆ ಹೊಳೆ ತುಂಬುತ್ತೆ, ತಾನಾಗಿ ಸರಿಹೋಗುತ್ತೆ."

ಮಳೆಗೆ ಇನ್ನೂ ಎರಡು ತಿಂಗಳಿತ್ತು.

ಅವಳು ಬರೆದುಕೊಟ್ಟಳು. ಅದೇ ನುಣುಪು ಕಾಗದದ ಮೇಲೆ, ತಪ್ಪಿಲ್ಲದಂತೆ ಮೂರು ಸಲ ತಿದ್ದಿ ಬರೆದು, ಎಂಜಿನಿಯರ್ ಸಾಹೇಬರ ಮೇಜಿನ ಮೇಲಿಟ್ಟಳು. ತಮ್ಮನ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಸಾಹೇಬರು ಕೆಟ್ಟವರಲ್ಲ. ಓದಿದರು, ಮತ್ತೊಮ್ಮೆ ಓದಿದರು.

"ನೀವು ಹೇಳೋದು ಇರಬಹುದಮ್ಮ. ಆದರೆ ಇದರ ಕೆಳಗೆ ಸಹಿ ಯಾರದು? ಸಹಾಯಕಿ. ಗಿರಣಿಯವರ ಹತ್ತಿರ ಪ್ರಯೋಗಾಲಯದ ವರದಿ ಇದೆ, ಅದರ ಕೆಳಗೆ ಡಾಕ್ಟರೇಟ್ ಮಾಡಿದೋರ ಸಹಿ ಇದೆ. ನಾನು ಯಾವುದನ್ನ ಮೇಲಕ್ಕೆ ಕಳಿಸಲಿ?"

"ಬಂದು ನೋಡಲಿ ಸರ್. ಲೋಟ ಕಣ್ಣಿಗೆ ಕಾಣುತ್ತಲ್ಲ. ಅದಕ್ಕೆ ಸಹಿ ಯಾಕೆ ಬೇಕು?"

ಸಾಹೇಬರಿಗೆ ಆ ಮಾತು ನಾಟಿರಬೇಕು. ಎರಡು ಮೂರು ಸಲ ಮೇಲಿನವರಿಗೆ ಬರೆದು, ಕೊನೆಗೊಂದು ಸಮಿತಿ ಬರುವಂತೆ ಮಾಡಿದರು. ಅಷ್ಟರಲ್ಲಿ ಐದು ವಾರ ಕಳೆದಿತ್ತು. ಊರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಾಮಾಲೆಯಿಂದ ಮಲಗಿದ ಸುದ್ದಿ ಬರುತ್ತಿತ್ತು.

ಸಮಿತಿ ಬರುವ ಬೆಳಿಗ್ಗೆ ನಾನು ಎಂದಿಗಿಂತ ಬೇಗ ಹೋಗಿದ್ದೆ. ಲೋಟದಕ್ಕ ಇನ್ನೂ ಬೇಗ ಬಂದಿದ್ದಳು. ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದಳು.

"ಏನಾಯ್ತಕ್ಕ?"

ಅವಳು ಒಳಗೆ ಕೈ ತೋರಿಸಿದಳು. ತಾನೊಮ್ಮೆ ಮೊದಲೇ ನೋಡಿಕೊಳ್ಳೋಣವೆಂದು ಪರೀಕ್ಷೆ ಮಾಡಿದ್ದಳಂತೆ. ಮೂರನೇ ಲೋಟದಲ್ಲಿ, ನಾಲ್ಕರಲ್ಲಿ, ಐದರಲ್ಲಿ ಅರಳೆ ದಪ್ಪದಪ್ಪಗೆ ಕಟ್ಟಿ ಇಳಿಯುತ್ತಿತ್ತು. ಮೇಲಿನ ನೀರಿನ ಮೂಲಕ ಆಚೆ ಗೋಡೆಯ ಕ್ಯಾಲೆಂಡರಿನ ಅಂಕಿ ಓದಬಹುದಿತ್ತು.

ಇಪ್ಪತ್ತೆರಡು ವರ್ಷ ಯಾವುದನ್ನು ಕಂಡರೆ ಅವಳ ಮುಖ ಅರಳುತ್ತಿತ್ತೋ ಅದನ್ನೇ ಕಂಡು ಅವತ್ತು ಅವಳಿಗೆ ಅಳು ಬಂದಿತ್ತು. ಹಾಗಾಗಬಾರದಿತ್ತು ಎಂದು ಬಯಸುವುದಾದರೂ ಹೇಗೆ? ಊರಿಗೆ ಒಳ್ಳೆಯ ನೀರು ಬೇಡವೆಂದು ಬಯಸಿದಂತಲ್ಲವೇ?

ಆಮೇಲೆ ತಿಳಿಯಿತು. ಯಂತ್ರದ ದೊಡ್ಡ ಪಟ್ಟಿ ಬದಲಿಸಲು ಗಿರಣಿಯನ್ನು ಎರಡು ದಿನ ನಿಲ್ಲಿಸಿದ್ದರು. ಹಿಂದಿನ ದಿನ ಬೆಳಿಗ್ಗೆಯಿಂದ ಅಲ್ಲಿಂದ ಒಂದು ಹನಿಯೂ ಹೊಳೆಗೆ ಬಿದ್ದಿರಲಿಲ್ಲ. ಬೇಕೆಂದೇ ಮಾಡಿದರೋ, ಕಾಕತಾಳೀಯವೋ, ನನಗೆ ಇಂದಿಗೂ ಗೊತ್ತಿಲ್ಲ.

ಹತ್ತೂವರೆಗೆ ಸಮಿತಿಯ ಮೂವರು ಬಂದರು. ಅವಳು ಲೋಟ ತುಂಬಿದಳು, ಪಟಿಕ ಹಾಕಿದಳು, ಯಂತ್ರ ತಿರುಗಿಸಿದಳು. ಬೇರೇನು ಮಾಡಿಯಾಳು? ನೀರು ತಿಳಿಯಾಗಿ ನಿಂತಿತು. ಮೂವರಲ್ಲಿ ಹಿರಿಯರು ಬಗ್ಗಿ ನೋಡಿ, "ಚೆನ್ನಾಗೇ ಇಳಿದಿದೆಯಲ್ರೀ" ಎಂದರು.

"ಇವತ್ತು ಮಾತ್ರ ಸರ್. ನೋಡಿ, ಮೊನ್ನೆಯ ನೀರು ಇಟ್ಟಿದ್ದೀನಿ" ಎಂದು ಅವಳು ಕಪಾಟಿನಿಂದ ಮಬ್ಬು ಬಾಟಲಿಗಳನ್ನು ತೆಗೆದು ಸಾಲಾಗಿ ಇಟ್ಟಳು. ಒಂದೊಂದಕ್ಕೂ ತಾರೀಕು ಬರೆದ ಚೀಟಿ ಅಂಟಿಸಿದ್ದಳು.

"ಬಾಟಲಿ ನೀರನ್ನ ನಂಬೋದು ಹೆಂಗಮ್ಮ? ಯಾವ ಗುಂಡಿಯಿಂದ ತುಂಬಿದ್ದೋ ಏನೋ." ಅವರು ಸುತ್ತ ನೋಡಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದರು: "ನೀವು ಇಲ್ಲಿಯವರೇ ಅಲ್ವಾ? ನೀವು ಕಣ್ಣಾರೆ ನೋಡಿದ್ದೀರಾ, ಇಳಿಯದೆ ಇರೋದನ್ನ?"

ಲೋಟದಕ್ಕ ನನ್ನ ಕಡೆ ತಿರುಗಿದಳು. ನಾನು ನೋಡಿದ್ದೆ. ಮೊದಲ ದಿನದಿಂದಲೂ ನೋಡಿದ್ದೆ. ಆದರೆ ನನ್ನ ಕಣ್ಣು ಸಾಹೇಬರ ಮೇಲೆ ಹೋಯಿತು. ಅವರು ನೆಲ ನೋಡುತ್ತಿದ್ದರು. ಇವರೇ ನೆಲ ನೋಡುವಾಗ ನಾನೇಕೆ ತಲೆ ಎತ್ತಲಿ ಎನಿಸಿತು.

"ನಾನು ಪಂಪಿನವನು ಸರ್. ಲೋಟದ್ದು ನಂಗೆ ಅಷ್ಟಾಗಿ ತಿಳಿಯಲ್ಲ" ಎಂದೆ.

ಅವಳು ನನ್ನನ್ನು ಏನೂ ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಹಗುರವಾಗುತ್ತಿತ್ತು.

ಸಮಿತಿಯವರು ಟೀ ಕುಡಿದು ಹೋದರು. 'ಪರೀಕ್ಷಕರಿಗೆ ಸೂಕ್ತ ತರಬೇತಿಯ ಕೊರತೆ ಇದೆ' ಎಂದು ಬರೆದರು. ಮೂರನೇ ದಿನ ಗಿರಣಿ ಮತ್ತೆ ಶುರುವಾಯಿತು, ನೀರು ಮತ್ತೆ ಮಬ್ಬಾಯಿತು.

ಅವಳು ತಮ್ಮನನ್ನು ದಾರಿಯಲ್ಲಿ ಅಡ್ಡಗಟ್ಟಿ ಕೇಳಿದಳಂತೆ: "ಗಿರಣಿ ನಿಲ್ಲಿಸ್ತಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳ್ಲಿಲ್ಲವಲ್ಲೋ."

"ಸಮಿತಿ ಬರುತ್ತೆ ಅಂತ ನೀನು ನಂಗೆ ಹೇಳಿದ್ಯಾ ಅಕ್ಕ?"

ಅವಳು ಹೇಳಿರಲಿಲ್ಲ. ಹೇಳಿದರೆ ಗಿರಣಿಗೆ ಸುದ್ದಿ ಮುಟ್ಟೀತು ಎಂದು ತಾನೇ ಸಾಕಿದ ತಮ್ಮನಿಂದಲೇ ಮುಚ್ಚಿಟ್ಟಿದ್ದಳು. ಇಬ್ಬರೂ ಸೈಕಲ್ ಅಂಗಡಿಯ ಮುಂದಿನಿಂದ ತಮ್ಮ ತಮ್ಮ ದಾರಿ ಹಿಡಿದರು. ಭಾನುವಾರದ ಊಟ ನಿಂತುಹೋಯಿತು.

ಇನ್ನು ಅವಳ ಕೈಯಲ್ಲಿ ಉಳಿದದ್ದು ಒಂದೇ ಕೆಲಸ: ಗೊತ್ತಿದ್ದವರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಎಂದು ಹೇಳುವುದು. ನಮ್ಮ ಮನೆಗೂ ಬಂದು ನನ್ನ ಹೆಂಡತಿಗೆ ಹೇಳಿ ಹೋದಳು. ಪಕ್ಕದ ಬೀದಿಯಲ್ಲಿದ್ದ ಪಟಿಕದಜ್ಜರ ಮನೆಗೆ ಎಲ್ಲರಿಗಿಂತ ಮೊದಲೇ ಹೋಗಿದ್ದಳು. ಅಜ್ಜ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಮ್ಮ ಘಟಕದ ನೀರನ್ನ ನಾನು ಕಾಯಿಸಿ ಕುಡೀಬೇಕಾ? ನೀನು ಪಾಸು ಮಾಡಿದ ನೀರನ್ನ?"

"ನಾನು ಪಾಸು ಮಾಡಿಲ್ಲ ಅಜ್ಜ. ಮೇಲಿನವರು ನೀರು ಬಿಡಿ ಅಂದ್ರು, ಬಿಟ್ಟೆ."

"ತಾಳ್ಮೆ ತಗೊಂಡು ಇನ್ನೊಂದಿಷ್ಟು ನೋಡು ಹುಡುಗಿ. ಯಾವುದೋ ಲೋಟದಲ್ಲಿ ಇಳಿದೇ ಇಳಿಯುತ್ತೆ. ಇಳಿಯದ ನೀರು ನಾನು ಕಂಡಿಲ್ಲ."

ಅವಳು ಕಾಯಿಸಿ ಆರಿಸಿದ ನೀರನ್ನು ದಿನವೂ ಒಂದು ಕ್ಯಾನು ತಂದಿಟ್ಟು ಹೋಗುತ್ತಿದ್ದಳು. ಅವರು ಅದರಿಂದ ಬಾಗಿಲಿನ ಹೂಕುಂಡಗಳಿಗೆ ನೀರು ಹಾಕಿ, ತಾವು ನಲ್ಲಿಯಿಂದಲೇ ಹಿಡಿದು ಕುಡಿಯುತ್ತಿದ್ದರು. ಅದು ಹಟವಲ್ಲ. ಒಂದು ಜೀವಮಾನವೆಲ್ಲ ತಾವು ಊರಿಗೆ ಕುಡಿಸಿದ ನೀರಿನ ಮೇಲಿನ ನಂಬಿಕೆ ಅದು. ನೀರನ್ನು ನಂಬಬೇಡಿ ಎಂದು ಒತ್ತಿ ಹೇಳಲು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಮಳೆಗೆ ಇನ್ನು ಹತ್ತು ಹನ್ನೆರಡು ದಿನವಿರುವಾಗ ಅಜ್ಜರ ಕಣ್ಣು ಹಳದಿಯಾಯಿತು. ಅವಳೂ ಅವಳ ಗಂಡನೂ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಆ ವಾರ್ಡಿನಲ್ಲಿ ಅದೇ ಕಾಯಿಲೆಯವರು ಇನ್ನೂ ಎಂಟು ಜನರಿದ್ದರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಅಜ್ಜರ ವಯಸ್ಸು ಎಪ್ಪತ್ತಮೂರು. ಹೊಟ್ಟೆ ಉಬ್ಬಿತು, ಮಾತು ತೊದಲಿತು. ಅವಳು ರಜೆ ಹಾಕಿ ಮಗಳಂತೆ ಪಕ್ಕದಲ್ಲಿ ಕೂತಳು. ನಾನು ನೋಡಲು ಹೋದ ಮಧ್ಯಾಹ್ನ ಅಜ್ಜರಿಗೆ ಸ್ವಲ್ಪ ಎಚ್ಚರವಿತ್ತು.

"ಇಳೀತಾ?" ಎಂದು ಅವಳನ್ನು ಕೇಳಿದರು.

ಅವಳು ನನ್ನ ಮುಖ ನೋಡಿದಳು, ಗೋಡೆ ನೋಡಿದಳು.

"ಇಳೀತು ಅಜ್ಜ" ಎಂದಳು. "ಮೂರನೇ ಲೋಟದಲ್ಲಿ."

"ನಾ ಹೇಳಲಿಲ್ವಾ" ಎಂದರು ಅಜ್ಜ.

ಮಾರನೇ ದಿನ ಅವರು ತೀರಿಕೊಂಡರು. ಅವಳು ಡಾಕ್ಟರ ಕೋಣೆಗೆ ಹೋಗಿ, ಇದು ನಲ್ಲಿ ನೀರಿನಿಂದ ಬಂದದ್ದು ಎಂದು ಬರೆದುಕೊಡುತ್ತೀರಾ ಎಂದು ಕೇಳಿದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡದ ಕಣ್ಣು. "ನೀರಿಂದಲೇ ಇರಬಹುದು. ಹೊರಗೆ ತಿಂದ ಊಟದಿಂದಲೂ ಇರಬಹುದು. ಇಂಥ ನಲ್ಲಿಯಿಂದ ಅಂತ ನಾನು ಹೇಗೆ ಬರೆಯಲಿ ಅಕ್ಕ?" ಎಂದರು. ಅದು ಸುಳ್ಳಾಗಿರಲಿಲ್ಲ. ಆ ವರ್ಷ ಯಾರೂ ನಮಗೆ ಸುಳ್ಳು ಹೇಳಲಿಲ್ಲ. ಪ್ರಯೋಗಾಲಯದ ವರದಿಯೂ ಸುಳ್ಳಲ್ಲ, ಸಮಿತಿ ಕಂಡದ್ದೂ ಸುಳ್ಳಲ್ಲ. ಅಜ್ಜರಿಗೆ ಅವಳು ಹೇಳಿದ ಸಮಾಧಾನದ ಮಾತು ಬಿಟ್ಟರೆ, ಒಬ್ಬನೇ ಒಬ್ಬ ಸುಳ್ಳು ಹೇಳಿದವನೆಂದರೆ ನಾನು.

ಅಜ್ಜರನ್ನು ಮಣ್ಣು ಮಾಡಿದ ಮರುವಾರ ಅವಳಿಗೆ ವರ್ಗದ ಆದೇಶ ಬಂತು. ಪರೀಕ್ಷೆಯ ಕೋಣೆಯಿಂದ ಮೀಟರು ರಿಪೇರಿಯ ಶೆಡ್ಡಿಗೆ. ಅದೇ ಆವರಣದ ಹಿಂಬದಿ, ಇನ್ನೂರು ಹೆಜ್ಜೆ ದೂರ. ಸಾಹೇಬರು ಕರೆದು, "ನನ್ನ ಕೈ ಮೀರಿದ್ದಮ್ಮ" ಎಂದರು. ಲೋಟಗಳ ಮುಂದೆ ಪದವಿ ಪಡೆದ ಹೊಸ ಹುಡುಗಿಯೊಬ್ಬಳು ಬಂದು ಕೂತಳು. ಅವಳಿಗೂ ನೀರು ಇಳಿಯಲಿಲ್ಲ. ಅವಳು ಒಂದೆರಡು ಸಲ ಮೀಟರು ಶೆಡ್ಡಿಗೆ ಬಂದು, "ಅಕ್ಕ, ಏನು ಮಾಡಲಿ?" ಎಂದು ಕೇಳಿದ್ದೂ ಉಂಟು. ಲೋಟದಕ್ಕ ತನಗೆ ತಿಳಿದಷ್ಟು ಹೇಳಿಕೊಟ್ಟಳು. 'ಬರೆದು ಕೊಡು' ಎಂದು ಮಾತ್ರ ಹೇಳಲಿಲ್ಲ.

ಮಳೆ ಬಂತು, ಹೊಳೆ ತುಂಬಿತು. ತಮ್ಮ ಹೇಳಿದಂತೆ ಸ್ವಲ್ಪ ಮಟ್ಟಿಗೆ ಸುಧಾರಿಸಿತು. ಮಳೆ ನಿಂತ ಮೇಲೆ ಮತ್ತೆ ಅದೇ ಕಥೆ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೀರು ಇಳಿಯತೊಡಗಿತು. ಮರುದಿನವೂ ಇಳಿಯಿತು, ವಾರವಾದರೂ ಇಳಿಯುತ್ತಲೇ ಇತ್ತು. ಆ ತಿಂಗಳೇ ನಮ್ಮ ಘಟಕಕ್ಕೆ ಪಟಿಕ ಕೊಡುವವರು ಬದಲಾಗಿದ್ದರು. ಹೊಸಬರ ಪಟಿಕದ ಗುಣವೇ ಗುಣ ಎಂದು ಇಲಾಖೆ ಅವರಿಗೊಂದು ಪ್ರಶಂಸಾಪತ್ರ ಕೊಟ್ಟಿತು. ಅದರ ಪ್ರತಿ ನಮ್ಮ ಸೂಚನಾ ಫಲಕದಲ್ಲಿ ಬಹಳ ದಿನ ತೂಗಾಡಿತು.

ನಾನು ಓಡಿಹೋಗಿ ಶೆಡ್ಡಿನಲ್ಲಿದ್ದ ಅವಳಿಗೆ ಸುದ್ದಿ ಹೇಳಿದೆ. ಬಿಚ್ಚಿಟ್ಟ ಮೀಟರೊಂದರ ಹಲ್ಲುಚಕ್ರದಿಂದ ಮರಳು ತೆಗೆಯುತ್ತಿದ್ದಳು.

"ಎಷ್ಟಕ್ಕೆ ಇಳೀತು?"

"ಹತ್ತೊಂಬತ್ತಕ್ಕೆ."

"ಒಳ್ಳೇದಾಯ್ತು" ಎಂದು ಮತ್ತೆ ಬ್ರಷ್ಷು ಹಿಡಿದಳು.

ನಿಜ ಸಂಗತಿ ತಿಳಿದದ್ದು ತಮ್ಮನಿಂದ. ಒಟ್ಟಿಗೆ ಊಟ ನಿಂತು ಏಳು ತಿಂಗಳಾದ ಮೇಲೆ ಒಂದು ಭಾನುವಾರ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದ. ಅವನನ್ನು ಮೇಲ್ವಿಚಾರಕನ ಕೆಲಸದಿಂದ ಇಳಿಸಿ ಮತ್ತೆ ಮೊದಲಿನ ಜಾಗಕ್ಕೇ ಹಾಕಿದ್ದರು. ಆ ದ್ರವವನ್ನು ಗಿರಣಿ ಕೈಬಿಟ್ಟಿತ್ತು. ಹೊಳೆಗಾಗಿ ಅಲ್ಲ. ಆ ಕಾಗದದ ಮೇಲೆ ಶಾಯಿ ಬೇಗ ಒಣಗುವುದಿಲ್ಲ, ಬೆರಳಿಗೆ ಮೆತ್ತುತ್ತದೆ ಎಂದು ಮುದ್ರಣಾಲಯದವರೊಬ್ಬರು ದೂರು ಬರೆದಿದ್ದರಂತೆ.

ಇದನ್ನು ಅವಳು ಮರುದಿನ ಶೆಡ್ಡಿನ ಬಾಗಿಲಲ್ಲಿ ನಿಂತು ನನಗೆ ಹೇಳಿದಳು.

"ಒಂದು ಕಾಗದ ಬರೆದ್ರಂತೆ ಅಣ್ಣ" ಎಂದಳು. "ಒಂದೇ ಒಂದು ಕಾಗದ. ಎರಡೇ ದಿನಕ್ಕೆ ನಿಲ್ಲಿಸಿಬಿಟ್ರಂತೆ."

ನಾನು ತಮ್ಮನ ಸಮಾಚಾರ ಕೇಳಿದೆ.

"ಸೊರಗಿದ್ದಾನೆ. ಊಟ ಸೇರಲ್ಲ ಅಂದ. ನಾನೂ ಬಲವಂತ ಮಾಡ್ಲಿಲ್ಲ." ಬ್ರಷ್ಷು ಕೊಡವುತ್ತ, "ಮಕ್ಕಳು ಚೆನ್ನಾಗಿ ಊಟ ಮಾಡಿದ್ವು" ಎಂದಳು.

ಅವಳು ಮೀಟರು ಶೆಡ್ಡಿನಲ್ಲೇ ಇನ್ನೂ ಒಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದಳು. ಹಳೆಯ ಕೋಣೆಗೆ ವಾಪಸು ಕಳಿಸಿ ಎಂದು ಕೇಳಿಕೊಳ್ಳಲಿಲ್ಲ, ಯಾರೂ ಕರೆಯಲೂ ಇಲ್ಲ. ಅಕ್ಕ ತಮ್ಮ ಈಗಲೂ ತಿಂಗಳಿಗೊಮ್ಮೆ ಸೇರುತ್ತಾರೆ. ಮಕ್ಕಳ ಓದು, ಕಾಲುನೋವು, ಮನೆಯ ಸೋರುವ ತಾರಸಿ, ಎಲ್ಲ ಮಾತಾಡುತ್ತಾರಂತೆ. ಕೆಲಸದ ಮಾತು ಬಂದರೆ ಇಬ್ಬರಲ್ಲೊಬ್ಬರು ಎದ್ದು ಒಳಗೆ ಹೋಗುತ್ತಾರೆ ಎಂದು ಅವಳ ಗಂಡ ಒಮ್ಮೆ ನನ್ನ ಹತ್ತಿರ ಹೇಳಿದ.

ಮೊನ್ನೆ ಅವಳನ್ನು ಔಷಧಿ ಅಂಗಡಿಯ ಸಾಲಿನಲ್ಲಿ ಕಂಡೆ. ಆ ದಿನ ನಾನು ಸಮಿತಿಯ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳಬೇಕು ಎಂದು ವರ್ಷಗಳಿಂದ ಅಂದುಕೊಂಡಿದ್ದೆ. "ಅಕ್ಕ, ಆವತ್ತು ನಾನು" ಎಂದು ಶುರುಮಾಡಿದೆ.

"ಗೊತ್ತಣ್ಣ" ಎಂದಳು. "ನೀವು ಹೇಳಿದ್ರೂ ಅಷ್ಟೇ ಆಗ್ತಿತ್ತು." ಸಾಲು ಮುಂದೆ ಸರಿಯಿತು, ಅವಳು ತನ್ನ ಚೀಟಿ ಹಿಡಿದು ಮುಂದಕ್ಕೆ ಹೋದಳು.

ಹಾಗೆ ಹೇಳಿ ನನ್ನನ್ನು ಕ್ಷಮಿಸಿದಳೋ, ಇಲ್ಲ ನನ್ನ ಮಾತಿಗೆ ಅಷ್ಟೂ ಬೆಲೆಯಿರಲಿಲ್ಲ ಎಂದಳೋ, ಮನೆಗೆ ಬಂದು ಎಷ್ಟು ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.